ಪದ ಪರಿಚಯ: ಮಾಟ

‘ಆಡು’ವಿನಿಂದ ಆಟ, ‘ನೋಡು’ವಿನಿಂದ ನೋಟ, ‘ಕಾಡು’ವಿನಿಂದ ಕಾಟ ಬಂದಂತೆ ‘ಮಾಡು’ ಧಾತುವಿನಿಂದ ಬಂದ ಪದ ‘ಮಾಟ’. ಮೂಲದಲ್ಲಿ ಅದರ ಅರ್ಥ ಮಾಡುವಿಕೆ, ರಚನೆ. ಹಳಗನ್ನಡದಲ್ಲಿ ಚೆಲುವು, ಸೊಗಸು ಎಂಬ ಅರ್ಥವೂ ಇತ್ತು. ‘ಮಾಟವಾದ ಮೂಗು’ ಎನ್ನುವಾಗ ಆ ಅರ್ಥ ಇಂದಿಗೂ ಜೀವಂತವಾಗಿದೆ.

ಇಷ್ಟು ಚೆಂದದ ಪದ ಕೇಡಿನ ಕಡೆಗೂ ಹೊರಳಿತು. ಒಬ್ಬರನ್ನು ಹಾಳುಗೆಡವಲು ಗುಟ್ಟಾಗಿ ಮಾಡಿಸುವ ಕ್ರಿಯೆಯೂ ಮಾಟವಾಯಿತು. ಸಂಸ್ಕೃತದ ‘ಕೃತ್ಯಾ’ ಕೂಡ ‘ಮಾಡು’ ಎಂಬರ್ಥದ ಧಾತುವಿನಿಂದ ಹುಟ್ಟಿ ಇದೇ ದಾರಿ ಹಿಡಿದಿದೆ. ಮಾಟಗಾರ, ಮಾಟಗಾತಿ, ಮಾಟಮಂತ್ರ ‘ಮಾಟ’ದ ಬಳಗ. ಕಲಬುರಗಿ, ಬೀದರ್ ಕಡೆ ಇಂಥ ಮಾಟವನ್ನು ಬಾನಾಮತಿ ಎನ್ನುತ್ತಾರೆ.

ಬಳಕೆಯ ಒಂದು ಸೂಕ್ಷ್ಮ ಗಮನಿಸಬೇಕು. ‘ಯಾರೋ ಮಾಡಿಸಿದ್ದಾರೆ’ ಎಂದರೆ ಸಾಕು, ಏನನ್ನು ಎಂದು ಯಾರೂ ಕೇಳುವುದಿಲ್ಲ. ಹೆಸರೆತ್ತಲೂ ಅಂಜುವ ಮನಸ್ಸು ಕರ್ಮಪದವನ್ನೇ ನುಂಗಿಬಿಡುತ್ತದೆ. ‘ಇದನ್ನೆಲ್ಲ ನಾನು ನಂಬುವುದಿಲ್ಲ’ ಎನ್ನುವವರೂ ಮೂರುದಾರಿ ಕೂಡುವಲ್ಲಿ ಕುಂಕುಮ ಹಚ್ಚಿದ ನಿಂಬೆಹಣ್ಣು ಕಂಡರೆ ಬಳಸಿ ನಡೆಯುತ್ತಾರೆ. ವ್ಯಾಪಾರ ನೆಲಕಚ್ಚಿದಾಗ, ಮಗು ಊಟ ಬಿಟ್ಟಾಗ ‘ಯಾರೋ ಮಾಡಿಸಿದ್ದಾರೆ’ ಎಂಬ ಮಾತು ಅವರ ಬಾಯಿಂದಲೂ ಬರುತ್ತದೆ. ಬುದ್ಧಿ ಒಪ್ಪದ ನಂಬಿಕೆಗೆ ಭಾಷೆಯಲ್ಲಿ ಆಶ್ರಯ ಸಿಕ್ಕಿರುತ್ತದೆ.

ಈ ಭಯ ನಿರುಪದ್ರವಿಯಲ್ಲ. ಮಾಟಗಾತಿ ಎಂಬ ಹಣೆಪಟ್ಟಿ ಹಚ್ಚಿ ಬಡ, ಒಂಟಿ ಹೆಂಗಸರನ್ನು ಹಿಂಸಿಸಿದ್ದುಂಟು. ವಾಮಾಚಾರ ತಡೆಯಲು ಕರ್ನಾಟಕ 2017ರಲ್ಲಿ ಕಾಯ್ದೆಯನ್ನೇ ತಂದಿತು. ‘ಯಾರೋ ಮಾಡಿಸಿದ್ದಾರೆ’ ಎಂಬ ಮಾತು ನಾಲಗೆಗೆ ಬಂದಾಗ ಅಲ್ಲೇ ತಡೆದು, ಕಾಯಿಲೆಗೆ ವೈದ್ಯರನ್ನೂ ನಷ್ಟಕ್ಕೆ ಲೆಕ್ಕದ ಪುಸ್ತಕವನ್ನೂ ಕೇಳೋಣ.