ಬನದ ಹುಣ್ಣಿಮೆ ಚಂದ್ರನ ಆಸುಪಾಸಿನ ಒಂದು ನಕ್ಷತ್ರ

ಚೊಳಚಗುಡ್ಡದ ಬನಶಂಕರಿ ಜಾತ್ರೆಗೆ ಹೋದವರು ತೇರು ನೋಡುತ್ತಾರೆ, ರಾತ್ರಿಯಿಡೀ ನಾಟಕ ನೋಡುತ್ತಾರೆ. ಆ ಬನದ ಹುಣ್ಣಿಮೆಯ ಚಂದ್ರ ಪುನರ್ವಸು, ಪುಷ್ಯ ನಕ್ಷತ್ರಗಳ ಆಸುಪಾಸಿನಲ್ಲಿರುತ್ತಾನೆ. ಅಲ್ಲೇ, ಬರಿಗಣ್ಣಿಗೆ ಕಾಣದ ಇನ್ನೊಂದು ನಕ್ಷತ್ರವಿದೆ. ಹೆಸರು ಯು ಜೆಮಿನೋರಮ್. ದೂರ ಸುಮಾರು 300 ಜ್ಯೋತಿರ್ವರ್ಷ. ಆಕಾಶದ ಲೆಕ್ಕದಲ್ಲಿ ಅದು ನಮ್ಮ ಪಕ್ಕದ ಓಣಿ.

1855ರ ಡಿಸೆಂಬರ್ 15ರಂದು ಲಂಡನ್ನಿನಲ್ಲಿ ಜಾನ್ ರಸೆಲ್ ಹೈಂಡ್ ಎಂಬುವರಿಗೆ ಇದು ಕಂಡಿತು. ಸ್ವಲ್ಪ ದಿನದಲ್ಲೇ ಮಸುಕಾಯಿತು. ಕಥೆ ಮುಗಿಯಿತು ಅನ್ನುವಷ್ಟರಲ್ಲಿ, 1856ರಲ್ಲಿ ನಾರ್ಮನ್ ಪಾಗ್ಸನ್ ನೋಡಿದಾಗ ಮತ್ತೆ ಬೆಳಗಿತ್ತು! ನಕ್ಷತ್ರಗಳ ಹೊಳಪು ಅಳೆಯುವ ಇಂದಿನ ಲೆಕ್ಕ ಇದೇ ಪಾಗ್ಸನ್‌ರದು: ಐದು ಮೆಟ್ಟಿಲು ಏರಿದರೆ ಹೊಳಪು 100 ಪಟ್ಟು. ಈ ನಕ್ಷತ್ರ ಏರುವುದೂ ಸುಮಾರು ಐದೇ ಮೆಟ್ಟಿಲು, ಸರಾಸರಿ 100 ದಿನಕ್ಕೊಮ್ಮೆ.

1861ರಲ್ಲಿ ಪಾಗ್ಸನ್ ಮದ್ರಾಸ್ ವೀಕ್ಷಣಾಲಯಕ್ಕೆ ಬಂದರು. 1891ರಲ್ಲಿ ಸಾಯುವವರೆಗೂ ಅಲ್ಲೇ ಇದ್ದರು. ಅವರ ಜೊತೆ ಕೆಲಸ ಮಾಡುತ್ತಿದ್ದ ರಘುನಾಥಾಚಾರಿ 1867ರಲ್ಲಿ ಆರ್ ರೆಟಿಕ್ಯುಲಿ ಎಂಬ, ಹೊಳಪು ಬದಲಿಸುವ ಇನ್ನೊಂದು ನಕ್ಷತ್ರ ಕಂಡುಹಿಡಿದರು. ನಾನಂತೂ ಶಾಲೆಯಲ್ಲಿ ಅವರ ಹೆಸರು ಕೇಳಿರಲಿಲ್ಲ.

ಆದರೆ ಬೆಳಗುವುದು ಯಾಕೆ? ಅದು ಇವರಾರಿಗೂ ಗೊತ್ತಿರಲಿಲ್ಲ. ಕಂಡದ್ದನ್ನು ತಾರೀಖು ಹಾಕಿ ಬರೆದಿಟ್ಟರು, ಅಷ್ಟೇ. ಉತ್ತರ ಸಿಕ್ಕಲು ನೂರು ವರ್ಷ ಬೇಕಾಯಿತು. ಅದು ಒಂದು ನಕ್ಷತ್ರವಲ್ಲ, ಎರಡು. ಒಂದನ್ನೊಂದು ನಾಲ್ಕೂಕಾಲು ತಾಸಿನಲ್ಲಿ ಸುತ್ತುತ್ತವೆ. ಒಂದು ಶ್ವೇತ ಕುಬ್ಜ: ಗಾತ್ರ ಹೆಚ್ಚುಕಡಿಮೆ ಭೂಮಿಯಷ್ಟು, ತೂಕ ಸೂರ್ಯನಿಗಿಂತ ಹೆಚ್ಚು. ಅದು ಜೊತೆಗಾರನ ಮೈಮೇಲಿನ ಅನಿಲವನ್ನು ಎಳೆದುಕೊಳ್ಳುತ್ತದೆ. ಅನಿಲ ನೇರ ಬೀಳದೆ, ಮಲಪ್ರಭೆಯ ಸುಳಿಯ ಹಾಗೆ ತಿರುಗುತ್ತ ತಟ್ಟೆಯಾಗಿ ಕೂಡುತ್ತದೆ. 1974ರಲ್ಲಿ ಜಪಾನಿನ ಯೋಜಿ ಒಸಾಕಿ ಹೇಳಿದ್ದು ಇದನ್ನೇ: ಕೆರೆ ತುಂಬಿ ಕೋಡಿ ಬಿದ್ದಂತೆ, ತಟ್ಟೆಯಲ್ಲಿ ಕೂಡಿದ ಅನಿಲ ಒಮ್ಮೆಲೇ ಒಳಕ್ಕೆ ನುಗ್ಗುತ್ತದೆ. ಆಗಲೇ ಆ ಬೆಳಕು.

ಬಂದದ್ದೆಲ್ಲ ಒಳಗೇ ಬೀಳುವುದಿಲ್ಲ. ರಾಶಿ ತೂರುವಾಗ ಕಾಳು ಬಿದ್ದು ಹೊಟ್ಟು ಹಾರುವುದಿಲ್ಲವೇ, ಹಾಗೆ. ಇಲ್ಲಿ ಮಾತ್ರ ಗಾಳಿ ಹೊರಗಿನಿಂದ ಬರುವುದಿಲ್ಲ, ಕಾದ ತಟ್ಟೆಯಿಂದಲೇ ಏಳುತ್ತದೆ. ವೇಗ ಸೆಕೆಂಡಿಗೆ ಸಾವಿರಾರು ಕಿ.ಮೀ. ಈ ಗಾಳಿಯ ಗುರುತು ಚೆನ್ನಾಗಿ ಸಿಗುವುದು ನೇರಳಾತೀತ ಬೆಳಕಿನಲ್ಲಿ. ಅದನ್ನು ನಮ್ಮ ವಾತಾವರಣ ತಡೆಯುತ್ತದೆ. ಹಾಗಾಗಿ ಪಾಗ್ಸನ್ ಎಷ್ಟು ರಾತ್ರಿ ಎದ್ದು ಕೂತರೂ ಇದು ಕಾಣುತ್ತಿರಲಿಲ್ಲ. 1978ರಲ್ಲಿ ಹಾರಿದ ಐಯುಇ ಎಂಬ ಉಪಗ್ರಹ ಇಂಥ ಜೋಡಿಗಳ ಗಾಳಿಯನ್ನು ತೋರಿಸಿಕೊಟ್ಟಿತು.

ಮದ್ರಾಸ್ ವೀಕ್ಷಣಾಲಯದ ಕೆಲಸ ಮುಂದೆ ಕೊಡೈಕನಾಲ್‌ಗೆ ಹೋಯಿತು. ಅದೇ ಬೇರಿನಿಂದ ಬೆಳೆದದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. 2015ರ ಸೆಪ್ಟೆಂಬರ್ 28ರಂದು ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್‌ನ ನೇರಳಾತೀತ ದೂರದರ್ಶಕ ಜೋಡಣೆಯಾದದ್ದು ಆ ಸಂಸ್ಥೆಯ ಹೊಸಕೋಟೆ ಕೇಂದ್ರದಲ್ಲಿ.

ಹುಣ್ಣಿಮೆಯಂದು ಯು ಜೆಮಿನೋರಮ್ ಹುಡುಕಬೇಡಿ, ಬೆಳದಿಂಗಳು ಬಿಡುವುದಿಲ್ಲ. ಜಾತ್ರೆ ಮುಗಿದು ಅಮಾವಾಸ್ಯೆ ಬರಲಿ. ಅದು ಬೆಳಗಿದ ದಿನ ಸಣ್ಣ ದೂರದರ್ಶಕದಲ್ಲೂ ಕಾಣುತ್ತದೆ. ಕಂಡರೆ ತಾರೀಖು, ಹೊತ್ತು ಬರೆದಿಡಿ.