ನಂಜನಗೂಡಿನಿಂದ ಮಿಶಿಗನ್‌ಗೆ

ಅಮೆರಿಕದ ದೊಡ್ಡ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕೀತೇ? ಪಿಯುಸಿ ಓದುವ ಮಕ್ಕಳಿರುವ ಮಂಗಳೂರಿನ ಮನೆಗಳಿಗೆ ಈ ಪ್ರಶ್ನೆ ಹೊಸದಲ್ಲ. 2023ರಲ್ಲಿ ಹಾರ್ವರ್ಡ್‌ಗೆ ಅರ್ಜಿ ಹಾಕಿದವರು 56,937 ಮಂದಿ. ಪ್ರವೇಶ ದೊರೆತದ್ದು 1,942 ಮಂದಿಗೆ. ಆದರೆ ಸೀಟು ಸಿಕ್ಕಿದರೂ ಹಣ ಒದಗಬೇಕಲ್ಲ?

ರಾಜೇಶ್ವರಿ ಚಟರ್ಜಿಯವರ ಕಥೆ ನೋಡಿ. 1922ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಇವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದ್ದರು. ಮಹಾಯುದ್ಧ ಮುಗಿದ ಮೇಲೆ ದೆಹಲಿ ಸರ್ಕಾರ ಪ್ರತಿಭಾವಂತ ತರುಣರನ್ನು ಹೊರದೇಶಕ್ಕೆ ಕಳಿಸಲು ವಿದ್ಯಾರ್ಥಿವೇತನ ಕೊಟ್ಟಿತು. ಆಯ್ಕೆಯಾದವರಲ್ಲಿ ಇವರೂ ಒಬ್ಬರು. 1947ರಲ್ಲಿ ಹಡಗು ಹತ್ತಿ ಮಿಶಿಗನ್ ವಿಶ್ವವಿದ್ಯಾಲಯ ಸೇರಿದರು. 1949ರಲ್ಲಿ ಅಲ್ಲಿಯದೇ ಬಾರ್ಬರ್ ವಿದ್ಯಾರ್ಥಿವೇತನ ಕೈಹಿಡಿಯಿತು. ಏಷ್ಯಾದ ಹೆಣ್ಣುಮಕ್ಕಳಿಗೆಂದೇ ಮೀಸಲಾದ ನೆರವು ಅದು! 1953ರಲ್ಲಿ ಊರಿಗೆ ಮರಳಿ, ತಾವು ಬಿಟ್ಟುಹೋಗಿದ್ದ ಸಂಸ್ಥೆಯಲ್ಲೇ ಅಧ್ಯಾಪಕಿಯಾಗಿ ಮೈಕ್ರೋವೇವ್ ವಿಜ್ಞಾನ ಕಲಿಸಿದರು.

ಇಂದಿಗೂ ಹಣದ ಲೆಕ್ಕ ತಪ್ಪಿಲ್ಲ. ಪದವಿ ತರಗತಿಗೆ ಅರ್ಜಿ ಹಾಕುವ ಪರದೇಶದ ವಿದ್ಯಾರ್ಥಿ ನೆರವು ಕೇಳಿದರೆ, ಆಯ್ಕೆಯಲ್ಲಿ ಅದನ್ನೂ ತೂಗಿ ನೋಡುವ ಕಾಲೇಜುಗಳೇ ಹೆಚ್ಚು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿಯಂಥ ಬೆರಳೆಣಿಕೆಯ ಸಂಸ್ಥೆಗಳು ಮಾತ್ರ ಸೀಟು ನಿರ್ಧರಿಸುವಾಗ ಅಪ್ಪನ ಸಂಬಳ ನೋಡುವುದಿಲ್ಲ.