ಯಾತ್ರೆಯ ನೆನಪು: ದಿನಚರಿ, ಛಾಯಾಚಿತ್ರ ಮತ್ತು ಹೇಳಿಕೆ

ಕನ್ನಡದಲ್ಲಿ ಪ್ರವಾಸವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಮುದ್ರಿತ ಪ್ರವಾಸ ಕಥನಗಳನ್ನೇ ಆಧಾರವಾಗಿ ಇರಿಸಿಕೊಂಡಿವೆ. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’, ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’, ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ‘ಅಮೆರಿಕಾದಲ್ಲಿ ಗೊರೂರು’ ಮೊದಲಾದ ಕೃತಿಗಳಿಗೆ ಸಾಹಿತ್ಯ ಚರಿತ್ರೆಯಲ್ಲಿ ನಿಶ್ಚಿತವಾದ ಸ್ಥಾನವಿದೆ. ಆದರೆ ಕಾಶಿಗೋ ರಾಮೇಶ್ವರಕ್ಕೋ ಹೋಗಿಬಂದ ಸಾಮಾನ್ಯ ಕುಟುಂಬವೊಂದು ತನ್ನ ಯಾತ್ರೆಯ ನೆನಪನ್ನು ಯಾವ ರೂಪದಲ್ಲಿ ಕಾಪಾಡಿಕೊಂಡಿತು, ಮುಂದಿನ ತಲೆಮಾರಿಗೆ ಹೇಗೆ ದಾಟಿಸಿತು ಎಂಬ ಪ್ರಶ್ನೆಗೆ ಅಷ್ಟು ಗಮನ ದೊರೆತಿಲ್ಲ. ಮನೆಯ ಪೆಟ್ಟಿಗೆಯಲ್ಲಿರುವ ಲೆಕ್ಕದ ಪುಸ್ತಕ, ಗೋಡೆಯ ಮೇಲಿನ ಚೌಕಟ್ಟು, ಕಪಾಟಿನ ಆಲ್ಬಂ, ಇವುಗಳ ಸುತ್ತ ಹೆಣೆದುಕೊಂಡ ಮಾತು ಇವೆಲ್ಲವೂ ಚರಿತ್ರೆಯ ಆಕರಗಳೇ. ಬರಹ, ಚಿತ್ರ, ಹೇಳಿಕೆ ಈ ಮೂರೂ ಒಟ್ಟಿಗೆ ಉಳಿದಾಗ ಮಾತ್ರ ಯಾತ್ರೆಯ ನೆನಪು ಆಕರವಾಗುತ್ತದೆ. ಬೇರ್ಪಟ್ಟರೆ ಮೂರೂ ದುರ್ಬಲವಾಗುತ್ತವೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪ್ರತಿಪಾದಿಸಲಾಗಿದೆ.

೧. ವಸ್ತು ಮತ್ತು ವ್ರತ

ಕ್ಯಾಮೆರಾ ಬರುವ ಮೊದಲೇ ಯಾತ್ರೆಯನ್ನು ನೆನಪಿಡುವ ಕ್ರಮಗಳು ನಮ್ಮ ಜನಪದರಲ್ಲಿ ಬೇರೂರಿದ್ದವು. ಬಾಯಿಗೆ ಬೆಸುಗೆ ಹಾಕಿದ ತಾಮ್ರದ ಗಂಗಾಥಾಲಿ ಅವುಗಳಲ್ಲಿ ಮುಖ್ಯವಾದದ್ದು. ಕಾಶಿಯಿಂದ ತಂದ ಈ ಗಿಂಡಿ ವರ್ಷಾನುಗಟ್ಟಲೆ ದೇವರ ಮನೆಯಲ್ಲಿದ್ದು, ಮನೆಯ ಹಿರಿಯರ ಅಂತ್ಯಕಾಲದಲ್ಲಿ ಬಾಯಿಗೆ ಗಂಗೆ ಬಿಡುವಾಗ ತೆರೆಯಲ್ಪಡುತ್ತಿತ್ತು. ಯಾತ್ರೆ ಮುಗಿಸಿ ಬಂದವರು ಗಂಗಾಸಮಾರಾಧನೆ ಮಾಡಿ ಬಂಧುಬಳಗಕ್ಕೆ ಊಟವಿಕ್ಕುವುದು, ಕಾಶಿದಾರ ಹಂಚುವುದು ಕಡ್ಡಾಯವೆನಿಸಿತ್ತು. ಮೇಲ್ನೋಟಕ್ಕೆ ಇದು ಧಾರ್ಮಿಕ ವಿಧಿ. ಆದರೆ ಯಾತ್ರಿಕರು ಊರಿನವರ ಮುಂದೆ ಕುಳಿತು ತಾವು ಕಂಡದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳುವ ಅವಕಾಶವೂ ಇದೇ ಆಗಿತ್ತು. ಬರೆಯಲು ಬಾರದ ಹೆಂಗಸರ ಯಾತ್ರಾನುಭವ ಹೆಚ್ಚಾಗಿ ಉಳಿದುಬಂದಿರುವುದು ಈ ಹೇಳಿಕೆಯಲ್ಲಿಯೇ.

ಕಾಶಿಯಲ್ಲೋ ಗಯೆಯಲ್ಲೋ ತಮಗೆ ಪ್ರಿಯವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಬಿಟ್ಟುಬರುವ ಪದ್ಧತಿ ಇನ್ನೂ ಕುತೂಹಲಕರವಾದದ್ದು. ತರುವುದರಿಂದ ಮಾತ್ರವಲ್ಲ, ಬಿಡುವುದರಿಂದಲೂ ನೆನಪು ಉಳಿಯುತ್ತದೆ ಎಂಬುದಕ್ಕೆ ಇದು ನಿದರ್ಶನ. ಅಜ್ಜಿ ಹಾಗಲಕಾಯಿಯನ್ನೋ ಹಲಸನ್ನೋ ಏಕೆ ತಿನ್ನುವುದಿಲ್ಲ ಎಂದು ಮೊಮ್ಮಕ್ಕಳು ಕೇಳಿದಾಗಲೆಲ್ಲ ಕಾಶಿಯ ಕಥೆ ಮತ್ತೊಮ್ಮೆ ನಡೆಯುತ್ತದೆ. ಇಲ್ಲಿ ಸ್ಮರಣೆಗೆ ಒಂದು ಗುರುತು, ಗುರುತಿಗೆ ಒಂದು ಮಾತು ಎಂಬ ಜೋಡಣೆಯಿದೆ. ಮುಂದೆ ಬಂದ ಛಾಯಾಚಿತ್ರವೂ ನಮ್ಮ ಮನೆಗಳಲ್ಲಿ ಇದೇ ಜೋಡಣೆಯೊಳಗೆ ಸೇರಿಕೊಂಡಿತು.

ಯಾತ್ರೆಯ ನೆನಪನ್ನು ಯಾತ್ರಾಸ್ಥಳವೇ ಕಾಯ್ದಿಡುವ ಪದ್ಧತಿಯನ್ನೂ ಗಮನಿಸಬೇಕು. ಹರಿದ್ವಾರ, ಗಯಾ ಮೊದಲಾದ ಕ್ಷೇತ್ರಗಳ ಪಂಡಾಗಳು ತಮ್ಮ ವಹಿಗಳಲ್ಲಿ ಬಂದವರ ಹೆಸರು, ಊರು, ವಂಶಾವಳಿಗಳನ್ನು ತಲೆಮಾರುಗಳಿಂದ ಬರೆದಿಟ್ಟಿದ್ದಾರೆ. ಮೊಮ್ಮಗ ಅಲ್ಲಿಗೆ ಹೋದಾಗ ಅಜ್ಜನ ಸಹಿಯನ್ನು ನೋಡಬಹುದು. ಹರಿದ್ವಾರದ ವಹಿಗಳನ್ನು ವಂಶಾವಳಿಯ ಆಕರಗಳೆಂದು ಗುರುತಿಸಿ ಮೈಕ್ರೋಫಿಲ್ಮ್ ಮಾಡಲಾಗಿದೆ.

೨. ದಿನಚರಿ: ಬರೆದ ಹೊತ್ತಿನ ಮಹತ್ವ

ಯಾತ್ರೆಯ ಬರಹದಲ್ಲಿ ಏನು ಬರೆದರು ಎಂಬಷ್ಟೇ ಯಾವಾಗ ಬರೆದರು ಎಂಬುದೂ ಮುಖ್ಯ. ನೆರೆಯ ಭಾಷೆಗಳ ಎರಡು ಕೃತಿಗಳು ಇದನ್ನು ಸ್ಪಷ್ಟಪಡಿಸುತ್ತವೆ. ಮದರಾಸಿನ ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯಾಗಿದ್ದ ಏನುಗುಲ ವೀರಾಸ್ವಾಮಿ 1830ರಲ್ಲಿ ಕಾಶಿಗೆ ಹೊರಟು 1831ರಲ್ಲಿ ಹಿಂದಿರುಗಿದರು. ಮಾರ್ಗದುದ್ದಕ್ಕೂ ಬರೆಯುತ್ತ ಹೋದ ಅವರ ತೆಲುಗು ‘ಕಾಶೀಯಾತ್ರಾ ಚರಿತ್ರೆ’ 1838ರಲ್ಲಿ ಅಚ್ಚಾಯಿತು. ಊರೂರುಗಳ ನಡುವಣ ದೂರ, ದಾರಿಯ ಸ್ಥಿತಿ, ತಂಗುದಾಣ, ಸಿಗುವ ದಿನಸಿ ಇಂಥ ವಿವರಗಳು ಅದರಲ್ಲಿ ದಟ್ಟವಾಗಿವೆ. ಕೊಂಕಣದ ವರಸಯಿಯ ವಿಷ್ಣುಭಟ್ಟ ಗೋಡ್ಸೆ 1857ರಲ್ಲಿ ಉತ್ತರ ಭಾರತಕ್ಕೆ ಹೋಗಿ ಆ ವರ್ಷದ ಬಂಡಾಯದ ನಡುವೆ ಸಿಲುಕಿದರು. ತಮ್ಮ ಅನುಭವವನ್ನು ಅವರು ಮರಾಠಿಯಲ್ಲಿ ಬರೆದದ್ದು 1883ರ ಸುಮಾರಿಗೆ. ‘ಮಾಝಾ ಪ್ರವಾಸ’ ಅಚ್ಚಾದದ್ದು 1907ರಲ್ಲಿ. ಕಾಲು ಶತಮಾನದ ಅನಂತರ ಬರೆದ ಈ ಕಥನದಲ್ಲಿ ಕಥೆಯ ಓಟವಿದೆ, ಭಾವದ ತೀವ್ರತೆಯಿದೆ. ಆದರೆ ದಿನಾಂಕ, ದೂರ, ದರಗಳಿಗಾಗಿ ಚರಿತ್ರೆಕಾರನು ನೆಚ್ಚಬೇಕಾದದ್ದು ವೀರಾಸ್ವಾಮಿಯವರಂಥವರ ನಿತ್ಯದ ಬರಹವನ್ನು.

ಸಾಮಾನ್ಯ ಕನ್ನಡ ಕುಟುಂಬಗಳಲ್ಲಿ ನಿತ್ಯದ ಬರಹ ಬಹುಪಾಲು ಲೆಕ್ಕದ ರೂಪದಲ್ಲಿದೆ. ರೈಲಿನ ಚಾರ್ಜು, ಛತ್ರದ ಬಾಡಿಗೆ, ಪುರೋಹಿತರ ದಕ್ಷಿಣೆ, ಜಟಕಾದ ಬಾಡಿಗೆ, ಹೂವು ಹಣ್ಣಿನ ಖರ್ಚು ಇವುಗಳನ್ನು ದಿನವಾರು ಬರೆದಿಟ್ಟ ಪುಟ್ಟ ಪುಸ್ತಕಗಳು, ಪಂಚಾಂಗದ ಅಂಚಿನಲ್ಲಿ ಗುರುತುಹಾಕಿದ ಟಿಪ್ಪಣಿಗಳು ಹಳೆಯ ಮನೆಗಳಲ್ಲಿ ದೊರೆಯುತ್ತವೆ. ಬರೆದವರು ಇದನ್ನು ದಿನಚರಿ ಎಂದು ಭಾವಿಸಿರಲಿಲ್ಲ. ಆದರೆ ಯಾವ ಮಾರ್ಗದಲ್ಲಿ ಹೋದರು, ಎಲ್ಲಿ ಎಷ್ಟು ದಿನ ತಂಗಿದರು, ಯಾರು ಕಾಯಿಲೆ ಬಿದ್ದು ಔಷಧಕ್ಕೆ ಖರ್ಚಾಯಿತು ಎಂಬುದೆಲ್ಲ ಆ ಅಂಕಿಗಳಲ್ಲಿ ಅಡಗಿದೆ. ಸಾಹಿತ್ಯಗುಣವಿಲ್ಲವೆಂಬ ಕಾರಣಕ್ಕೆ ರದ್ದಿಗೆ ಹೋಗುತ್ತಿರುವ ಬರಹಗಳಲ್ಲಿ ಇವು ಮೊದಲನೆಯವು.

೩. ಛಾಯಾಚಿತ್ರ: ಖಾಸಗಿ ಆಸಕ್ತಿಯಿಂದ ಸಾರ್ವಜನಿಕ ಆಕರಕ್ಕೆ

1839ರಲ್ಲಿ ಪ್ಯಾರಿಸ್ಸಿನಲ್ಲಿ ಛಾಯಾಚಿತ್ರಣದ ವಿಧಾನ ಪ್ರಕಟವಾದ ಹದಿನೈದು ವರ್ಷಗಳಲ್ಲಿಯೇ ಅದು ಕರ್ನಾಟಕದ ಸ್ಮಾರಕಗಳನ್ನು ತಲುಪಿತು. ಲಿನೇಯಸ್ ಟ್ರೈಪ್ 1854ರ ಕೊನೆಯಲ್ಲಿ ಖಾಸಗಿಯಾಗಿ ಪ್ರವಾಸ ಮಾಡಿ ಹಳೇಬೀಡು, ಬೇಲೂರುಗಳ ಚಿತ್ರ ತೆಗೆದನು. ಮದರಾಸು ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪೆಯ ಅವಶೇಷಗಳನ್ನು ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದನು. ಈ ನೆಗೆಟಿವ್‌ಗಳು ಬೆಳಕಿಗೆ ಬಂದದ್ದು ಶತಮಾನಕ್ಕೂ ಹೆಚ್ಚು ಕಾಲದ ಅನಂತರ. 1983ರಲ್ಲಿ ಜಾನ್ ಗೋಲಿಂಗ್ಸ್ ಅವೇ ಸ್ಥಳಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಹೋಲಿಸಿದಾಗ ಹಂಪೆಯಲ್ಲಿ ನಡುವೆ ಏನೇನು ಕಳೆದುಹೋಯಿತು ಎಂಬುದು ಕಣ್ಣಿಗೆ ಕಟ್ಟುತ್ತದೆ. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಹಿಂದೆ ಇಟ್ಟಿಗೆಯ ಶಿಖರವಿತ್ತೆಂಬುದನ್ನು ಗ್ರೀನ್‌ಲಾನ ಚಿತ್ರ ತೋರಿಸುತ್ತದೆ. ಇಂದು ಆ ಶಿಖರವಿಲ್ಲ. ಒಬ್ಬನ ಪ್ರವಾಸದ ನೆನಪು ನಾಡಿನ ಚರಿತ್ರೆಗೆ ಒದಗಿದ ಬಗೆಯಿದು.

1900ರಲ್ಲಿ ಬಂದ ಕೊಡಕ್ ಬ್ರೌನಿಯಂಥ ಅಗ್ಗದ ಪೆಟ್ಟಿಗೆ ಕ್ಯಾಮೆರಾಗಳು ಚಿತ್ರ ತೆಗೆಯುವುದನ್ನು ಹವ್ಯಾಸಿಗಳಿಗೆ ನಿಲುಕಿಸಿದವು. ನಮ್ಮ ಮಧ್ಯಮವರ್ಗದ ಮನೆಗಳಿಗೆ ಆ ಅವಕಾಶ ಬಂದದ್ದು ತಡವಾಗಿ, ಆಗ್ಫಾ ಕ್ಲಿಕ್ ತ್ರೀಯಂಥ ಕ್ಯಾಮೆರಾಗಳ ಮೂಲಕ. ಅದರಲ್ಲಿ ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಹನ್ನೆರಡರಲ್ಲಿ ಇಡೀ ಯಾತ್ರೆಯನ್ನು ಹಿಡಿಯಬೇಕಾದ್ದರಿಂದ ಗೋಪುರದ ಮುಂದೆ ಎಲ್ಲರೂ ಸಾಲಾಗಿ ನಿಂತ ಗುಂಪುಚಿತ್ರಕ್ಕೆ ಪ್ರಾಶಸ್ತ್ಯ ದೊರೆಯಿತು. ಕ್ಯಾಮೆರಾ ಇಲ್ಲದವರಿಗೆ ಜಾತ್ರೆಯ ಸ್ಟುಡಿಯೋಗಳಿದ್ದವು. ಅಲ್ಲಿನ ಬಣ್ಣದ ಪರದೆಯಲ್ಲಿ ತಾಜಮಹಲು, ವಿಮಾನ, ಮೋಟಾರು ಕಾರುಗಳಿರುತ್ತಿದ್ದವು. ಚಿತ್ರದಲ್ಲಿ ತಾಜಮಹಲಿನ ಮುಂದೆ ನಿಂತವರು ಆಗ್ರಾ ಕಂಡಿರಲಿಕ್ಕಿಲ್ಲ. ಯಾರ ಹೇಳಿಕೆಯೂ ಜೊತೆಗಿಲ್ಲದಿದ್ದರೆ ಇಂಥ ಚಿತ್ರ ಸಂಶೋಧಕನ ದಾರಿತಪ್ಪಿಸುತ್ತದೆ.

೪. ಜೊತೆಗೂಡಿದ ಚಿತ್ರ ಮತ್ತು ಬರಹ: ಕೃಷ್ಣಾನಂದ ಕಾಮತ್

ಚಿತ್ರ ಮತ್ತು ಬರಹಗಳನ್ನು ಬಿಡದೆ ಜೋಡಿಸಿದ ಕನ್ನಡಿಗರಲ್ಲಿ ಹೊನ್ನಾವರದ ಕೃಷ್ಣಾನಂದ ಕಾಮತ್ (1934–2002) ಅಗ್ರಗಣ್ಯರು. ವೃತ್ತಿಯಿಂದ ವಿಜ್ಞಾನಿಯಾದ ಅವರು ಲೇಖಕ, ಚಿತ್ರಕಾರ, ಛಾಯಾಗ್ರಾಹಕ ಮೂರೂ ಆಗಿದ್ದರು. ‘ನಾನೂ ಅಮೇರಿಕೆಗೆ ಹೋಗಿದ್ದೆ’, ‘ವಂಗದರ್ಶನ’ ಮೊದಲಾದ ಪ್ರವಾಸ ಕೃತಿಗಳನ್ನು ರಚಿಸಿದ ಅವರು, ಬಸ್ತರಿನ ಬುಡಕಟ್ಟುಗಳ ಬದುಕನ್ನೂ ಕರಾವಳಿಯ ಜನಜೀವನವನ್ನೂ ಚಿತ್ರಗಳಲ್ಲಿ ದಾಖಲಿಸಿದರು. ಜಾನಪದ ಅಧ್ಯಯನಕ್ಕೆ ಅವರ ಕಾವಿ ಕಲೆಯ ದಾಖಲಾತಿ ವಿಶೇಷವಾಗಿ ಮಹತ್ವದ್ದು. ಸುಣ್ಣದ ಗಾರೆಯ ಮೇಲೆ ಕೆಂಪು ಬಣ್ಣ ಬಳಿದು, ಅದನ್ನು ಗೀರಿ ಕೆಳಗಿನ ಬಿಳುಪನ್ನು ಹೊರತೆಗೆದು ಚಿತ್ರ ಮೂಡಿಸುವ ಈ ಕಲೆ ಉತ್ತರ ಕನ್ನಡ, ಗೋವೆಗಳ ದೇವಾಲಯಗಳ ಗೋಡೆಗಳಲ್ಲಿತ್ತು. ಜೀರ್ಣೋದ್ಧಾರದ ಹೆಸರಿನಲ್ಲಿ ಹಲವು ಗೋಡೆಗಳು ನೆಲಸಮವಾದವು. ಹಾಗೆ ಅಳಿದವುಗಳಲ್ಲಿ ಕೆಲವು ಕಾಮತರ ಚಿತ್ರಗಳಲ್ಲಿ ಉಳಿದಿವೆ. ಚಿತ್ರಗಳಿಗೆ ಸ್ಥಳ, ವಿಷಯಗಳ ಬರಹ ಜೊತೆಗಿದ್ದುದರಿಂದಲೇ ಕುಟುಂಬದವರು ಸಂಗ್ರಹವನ್ನು ಗಣಕೀಕರಿಸಿ ಎಲ್ಲರಿಗೂ ದೊರಕುವಂತೆ ಮಾಡುವುದು ಸಾಧ್ಯವಾಯಿತು.

೫. ಆಲ್ಬಮ್ಮಿನ ಹೇಳಿಕೆ

ಕ್ಷೇತ್ರಕಾರ್ಯದಲ್ಲಿ ತೊಡಗಿದವರಿಗೆ ಆಲ್ಬಮ್ಮಿನ ಸ್ವಭಾವ ಪರಿಚಿತವೇ. ಮೌನವಾಗಿ ನೋಡುವವನಿಗೆ ಅದರಲ್ಲಿ ಗೋಪುರ ಮತ್ತು ಹನ್ನೊಂದು ಜನ ಮಾತ್ರ ಕಾಣುತ್ತಾರೆ. ಮನೆಯ ಹಿರಿಯಳು ಬಂದು ಕೂತರೆ ಬೇರೆಯೇ ಲೋಕ ತೆರೆದುಕೊಳ್ಳುತ್ತದೆ: ಇವಳು ಅಂದು ಬಾಣಂತಿ, ಇವನು ಚಪ್ಪಲಿ ಕಳೆದುಕೊಂಡಿದ್ದ, ಚಿತ್ರ ತೆಗೆದವನೇ ಚಿತ್ರದಲ್ಲಿಲ್ಲ. ಒಂದೇ ಆಲ್ಬಮ್ಮಿಗೆ ಅತ್ತೆಯ ಕಥನವೊಂದು, ಸೊಸೆಯ ಕಥನವೊಂದು ಇರುವುದೂ ಉಂಟು. ಜನಪದ ಕಥೆಗೆ ಪಾಠಾಂತರಗಳಿರುವಂತೆ ಇಲ್ಲಿಯೂ ಪಾಠಾಂತರಗಳಿವೆ. ಅವುಗಳಲ್ಲಿ ಒಂದನ್ನೇ ನಿಜವೆಂದು ಆರಿಸದೆ ಎಲ್ಲವನ್ನೂ ಹೇಳಿದವರ ಹೆಸರು, ಸಂಬಂಧ, ದಿನಾಂಕಗಳೊಂದಿಗೆ ದಾಖಲಿಸುವುದು ನಮ್ಮ ಶಿಸ್ತಿಗೆ ತಕ್ಕ ಕ್ರಮ. ಹೇಳುವ ಜೀವ ಹೋದ ಮೇಲೆ ಆ ಹನ್ನೊಂದು ಜನರ ಹೆಸರನ್ನು ಯಾವ ತಂತ್ರಜ್ಞಾನವೂ ಮರಳಿ ತಂದುಕೊಡಲಾರದು.

೬. ಸಂರಕ್ಷಣೆಯ ಸಮಸ್ಯೆಗಳು

ಕಪ್ಪು–ಬಿಳುಪಿನ ಬೆಳ್ಳಿ ಮುದ್ರಣಗಳು ಸರಿಯಾಗಿ ಸಂಸ್ಕರಿಸಿದ್ದರೆ ಶತಮಾನ ಬಾಳುತ್ತವೆ. ಅವುಗಳ ಅನಂತರ ಬಂದ ಬಣ್ಣದ ಮುದ್ರಣಗಳು ಕೆಲವೇ ದಶಕಗಳಲ್ಲಿ ಮಾಸುತ್ತಿವೆ. ಅಂಟುಹಾಳೆಯ ಆಲ್ಬಂಗಳು ಚಿತ್ರದ ಹಿಂಬದಿಯನ್ನೇ ತಿನ್ನುತ್ತವೆ. ಚಿತ್ರದ ಬೆನ್ನಿನಲ್ಲಿ ಮೃದುವಾದ ಪೆನ್ಸಿಲ್ಲಿನಿಂದ ಮಾತ್ರ ಬರೆಯುವುದು, ಆಮ್ಲರಹಿತ ಕಾಗದದಲ್ಲಿಡುವುದು, ನೆಗೆಟಿವ್‌ಗಳನ್ನು ಬೇರೆಯಾಗಿ ತಂಪಾದ ಒಣ ಜಾಗದಲ್ಲಿರಿಸುವುದು, ಲ್ಯಾಮಿನೇಷನ್ ಮಾಡಿಸದಿರುವುದು ಇವು ಯಾವ ಕುಟುಂಬವೂ ಪಾಲಿಸಬಹುದಾದ ನಿಯಮಗಳು. ಗ್ರಂಥಾಲಯಕ್ಕೆ ಬಂದ ಆಲ್ಬಮ್ಮನ್ನು ಬಿಡಿಬಿಡಿಯಾಗಿ ಬಿಚ್ಚುವ ಮುನ್ನ ಪುಟಗಳ ಅನುಕ್ರಮವನ್ನು ದಾಖಲಿಸಬೇಕು. ಅನುಕ್ರಮವೇ ಒಂದು ಕಥನ.

ಡಿಜಿಟಲ್ ಚಿತ್ರದ ಕಡತದೊಳಗೆ ದಿನಾಂಕ, ವೇಳೆ, ಕೆಲವೊಮ್ಮೆ ಸ್ಥಳವೂ ತಾನಾಗಿ ದಾಖಲಾಗುತ್ತದೆ. ಆದರೆ ವಾಟ್ಸಾಪಿನಲ್ಲಿ ಮಾಮೂಲಿನಂತೆ ಚಿತ್ರವಾಗಿ ಕಳುಹಿಸಿದಾಗ ಅದು ಕುಗ್ಗುವುದಲ್ಲದೆ ಈ ಮಾಹಿತಿಯೂ ಕಳಚಿಬೀಳುತ್ತದೆ. ಹನ್ನೆರಡು ಚಿತ್ರಗಳ ಕಾಲದಲ್ಲಿ ಪ್ರತಿಯೊಂದಕ್ಕೂ ಒಂದು ಕಥೆಯಿತ್ತು. ಸಾವಿರ ಚಿತ್ರಗಳ ಕಾಲದಲ್ಲಿ ಕಥೆ ಹೇಳಲು ಯಾರೂ ಕೂರುವುದಿಲ್ಲ. ಆಯ್ದ ಕೆಲವಕ್ಕಾದರೂ ಹೆಸರು, ಊರು, ಸಂದರ್ಭ ಬರೆದು ಎರಡು ಮೂರು ಕಡೆ ಪ್ರತಿಯಿರಿಸುವುದು ಅಗತ್ಯ.

ಸಮಾರೋಪ

ಜಾನಪದ ಲೋಕವನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು (1915–2005) ‘ಪ್ರವಾಸಿ ಕಂಡ ಇಂಡಿಯಾ’ ಎಂಬ ಸಂಪುಟಗಳಲ್ಲಿ ಹೊರಗಿನಿಂದ ಬಂದ ಯಾತ್ರಿಕರು ನಮ್ಮನ್ನು ಕಂಡ ಬಗೆಯನ್ನು ಕನ್ನಡಕ್ಕೆ ತಂದರು. ಜನಪದರ ಸಂಗ್ರಹಕಾರರೇ ಪ್ರವಾಸಿಗಳ ಬರಹವನ್ನೂ ಸಂಗ್ರಹಿಸಿದ್ದು ಆಕಸ್ಮಿಕವಲ್ಲ. ಆ ಕೆಲಸದ ಇನ್ನೊಂದು ಮುಖ, ಎಂದರೆ ಇಲ್ಲಿಂದ ಹೊರಟ ಸಾಮಾನ್ಯ ಜನ ಲೋಕವನ್ನು ಕಂಡ ಬಗೆ, ಇನ್ನೂ ಪೆಟ್ಟಿಗೆಗಳಲ್ಲಿಯೇ ಉಳಿದಿದೆ. ಪ್ರಸಿದ್ಧರ ಪತ್ರ, ದಿನಚರಿಗಳನ್ನು ಕಾಪಾಡುವ ನಮ್ಮ ಅಕಾಡೆಮಿಗಳು, ವಿಶ್ವವಿದ್ಯಾಲಯಗಳು, ಜಿಲ್ಲಾ ಗ್ರಂಥಾಲಯಗಳು ಕುಟುಂಬಗಳ ಯಾತ್ರಾ ದಾಖಲೆಗಳನ್ನೂ ಚಿತ್ರ, ಬರಹ, ಧ್ವನಿಮುದ್ರಿತ ಹೇಳಿಕೆ ಈ ಮೂರನ್ನು ಒಂದೇ ಘಟಕವಾಗಿ ಪರಿಗಣಿಸಿ ಸಂಗ್ರಹಿಸಬೇಕಾಗಿದೆ. ಮೂಲವನ್ನು ಮನೆಯವರ ಬಳಿಯೇ ಬಿಟ್ಟು ಪ್ರತಿಯನ್ನಷ್ಟೇ ಪಡೆದರೂ ಸಾಕು. ಈ ಕಾರ್ಯದಲ್ಲಿ ಮೊದಲು ಮಾಡಬೇಕಾದದ್ದು ಧ್ವನಿಮುದ್ರಣ. ಕಾಗದ ಇನ್ನೂ ಕೆಲಕಾಲ ಕಾದೀತು, ಹೇಳುವವರು ಕಾಯಲಾರರು.